ಹೇಳಿಕೆ ಕೊಡಲು ಹೋದ ಊರು

ಪೀಣ್ಯ ಎರಡನೇ ಹಂತ

ನಾನು ಎರಡು ಸಲ ಅಮೆರಿಕಕ್ಕೆ ಹೋಗಿದ್ದೇನೆ. ಮೊದಲ ಸಲ ಅರೆಸ್ಟ್ ಆದೆ. ಎರಡನೇ ಸಲ ಆ ಅರೆಸ್ಟಿನ ಬಗ್ಗೆ ಹೇಳಿಕೆ ಕೊಟ್ಟು ಬಂದೆ. ಹಾಗಾಗಿ ಜಲಪಾತ ನೋಡಿದ್ರಾ, ಸಮುದ್ರದಲ್ಲಿ ನಿಂತಿರೋ ಆ ದೊಡ್ಡ ಮೂರ್ತಿ ನೋಡಿದ್ರಾ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಒಂದು ಬೀದಿ, ಒಬ್ಬ ಮುದುಕಿಯ ಅಡುಗೆಮನೆ, ಹನ್ನೊಂದನೇ ಮಹಡಿಯ ಒಂದು ಕೋಣೆ. ನಾನು ಕಂಡ ಅಮೆರಿಕ ಇಷ್ಟೇ. ಊರಿನ ಹೆಸರು ಬರೆಯಬೇಡ ಎಂದು ನನ್ನ ವಕೀಲೆ ಹೇಳಿದ್ದಾಳೆ. ಬರೆಯುವುದಿಲ್ಲ.

ನನ್ನ ಹೆಸರು ಯಶೋದಾ. ಪೀಣ್ಯದ ಗಾರ್ಮೆಂಟ್ಸುಗಳಲ್ಲಿ ಹತ್ತೊಂಬತ್ತು ವರ್ಷ ಕಾಲರ್ ಹೊಲಿದೆ. ಬೆನ್ನು ಸೋತ ಮೇಲೆ ನಮ್ಮ ಹೆಣ್ಣುಮಕ್ಕಳ ಸಂಘದ ಆಫೀಸಿನಲ್ಲಿ ಕೂತು ಕರಪತ್ರ ಬರೆಯುತ್ತೇನೆ, ಅರ್ಜಿ ತುಂಬುತ್ತೇನೆ. ಕಾರ್ಖಾನೆಗಳಲ್ಲಿ ಕೆಲಸದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವ ಕೂಸಿನಮನೆ ಇರಬೇಕೆಂದು ನಾವು ಮಾಡಿದ ಹೋರಾಟದ ಬಗ್ಗೆ ಮಾತಾಡಲು ಆ ಊರಿನ ಕಾರ್ಮಿಕರ ಸಭೆಯೊಂದು ನನ್ನನ್ನು ಕರೆದಿತ್ತು. ಮೊದಲ ಸಲ ಹೋದದ್ದು ಅದಕ್ಕೇ.

ಸಭೆ ಮುಗಿದ ಮರುದಿನ ಬೆಳಿಗ್ಗೆ, ನಾನು ಉಳಿದುಕೊಂಡಿದ್ದ ಬೀದಿಯಲ್ಲೇ ಬಾಡಿಗೆ ಮನೆಗಳಲ್ಲಿರುವವರ ಪ್ರತಿಭಟನೆಯ ಮೆರವಣಿಗೆ ಹೊರಟಿತ್ತು. ಮೆರವಣಿಗೆ ಕಂಡರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಫುಟ್‌ಪಾತಿನಲ್ಲಿ ನಿಂತು ನೋಡುತ್ತಿದ್ದೆ. ಪೊಲೀಸರು ಬೀದಿಯ ಎರಡೂ ತುದಿ ಮುಚ್ಚಿ, ನಡುವೆ ಸಿಕ್ಕವರನ್ನೆಲ್ಲ ಹಿಡಿದರು. ಕೂಗುತ್ತಿದ್ದವರು, ನೋಡುತ್ತಿದ್ದವರು, ಊಟದ ಡಬ್ಬಿ ತಲುಪಿಸಲು ಬಂದಿದ್ದವನು, ಒಗೆದ ಬಟ್ಟೆಯ ಗಾಡಿ ತಳ್ಳಿಕೊಂಡು ಮನೆಗೆ ಹೊರಟಿದ್ದ ಒಬ್ಬ ಮುದುಕಿ, ನಾನು. ಪ್ಲಾಸ್ಟಿಕ್ ಪಟ್ಟಿಯಿಂದ ಕೈ ಕಟ್ಟಿ ಒಂದು ಬಸ್ ಶೆಡ್ಡಿನಲ್ಲಿ ಒಂಬತ್ತು ಗಂಟೆ ಕೂರಿಸಿದರು. ಯಾಕೆ ಹಿಡಿದಿದ್ದೀರಿ ಎಂದರೆ ಉತ್ತರವಿಲ್ಲ, ಫೋನಿಲ್ಲ, ಶೌಚಾಲಯಕ್ಕೂ ಬಿಡಲಿಲ್ಲ. ಆಮೇಲೆ ಯಾವ ಕೇಸೂ ಇಲ್ಲದೆ ಬಿಟ್ಟುಬಿಟ್ಟರು.

ಕೆಲವು ತಿಂಗಳ ನಂತರ ರೇಚಲ್ ಎಂಬ ವಕೀಲೆ ಫೋನ್ ಮಾಡಿದಳು. ಅವತ್ತು ಆ ಬೀದಿಯಲ್ಲಿ ಸಿಕ್ಕಿಬಿದ್ದವರೆಲ್ಲರ ಪರವಾಗಿ ನಗರದ ಮೇಲೆ ಒಂದೇ ಕೇಸು ಹಾಕುತ್ತಿದ್ದಾರಂತೆ. ಅಷ್ಟು ಜನರ ಪ್ರತಿನಿಧಿಗಳಾಗಿ ನಾಲ್ವರು ಮುಂದೆ ನಿಲ್ಲಬೇಕು. ಕೈಯಲ್ಲಿ ಫಲಕವೂ ಇಲ್ಲದೆ ಬರೀ ನಿಂತು ನೋಡಿದ ಪರದೇಶದ ಹೆಂಗಸು ಆ ನಾಲ್ವರಲ್ಲಿ ಒಬ್ಬಳಾದರೆ ಒಳ್ಳೆಯದು ಎಂದಳು. ಒಪ್ಪಿದೆ. ಒಬ್ಬ ದುಭಾಷಿಯ ಮೂಲಕ ನಾನು ಫೋನಿನಲ್ಲಿ ಹೇಳಿದ್ದನ್ನು ಅವಳು ಇಂಗ್ಲಿಷಿನಲ್ಲಿ ಬರೆದು ಕಳಿಸಿದಳು, ನಾನು ಸಹಿ ಹಾಕಿದೆ. ಈಗ ಎದುರು ಪಕ್ಷದ ವಕೀಲರು ನನ್ನನ್ನು ಮುಖಾಮುಖಿ ಪ್ರಶ್ನೆ ಕೇಳಬೇಕೆಂದರು. ಅದಕ್ಕೇ ಎರಡನೇ ಪ್ರಯಾಣ.

ಬಾಗಲಗುಂಟೆಯ ನಮ್ಮ ಮನೆಯ ಓನರ್ ಗಂಗಮ್ಮನಿಗೆ ಇದು ತಲೆಗೇ ಹೋಗಲಿಲ್ಲ. ಮೂರಂತಸ್ತಿನ ಬಾಡಿಗೆ ಕಟ್ಟಡ ನಿಂತಿರುವ ಜಾಗದಲ್ಲೇ ಆಕೆ ಹಿಂದೆ ರಾಗಿ ಬೆಳೆದವಳು.

"ಪೋಲೀಸ್ನೋರು ಇಡ್ಕಂಡ್ ಕೂರ್ಸಿದ್ ಊರ್ಗೆ ಇನ್ನೊಂದ್ ಸಲ ಓಗ್ತೀಯೇನೇ? ತಪ್ಪಸ್ಕೊಂಡ್ ಬಂದೋಳು ಸುಮ್ಕೆ ಇರಕ್ಕಾಗಕಿಲ್ವಾ?"

"ತಪ್ಪಿಸ್ಕೊಂಡು ಬರ್ಲಿಲ್ಲ ಗಂಗಮ್ಮ, ಅವರೇ ಬಿಟ್ರು."

"ಬುಟ್ಮೇಲೆ ಯಾಕ್ ಓಗ್ಬೇಕು ಅಂತೀನಿ!"

ವಿಮಾನದಲ್ಲಿ

ಬೆಂಗಳೂರಿನ ಏರ್‌ಪೋರ್ಟಿನಲ್ಲೇ ಮೊದಲ ಎಡವಟ್ಟು. ಟೈಲರುಗಳ ಚೀಲದಲ್ಲಿ ದಾರ ಕತ್ತರಿಸುವ ಚಿಕ್ಕ ಟ್ರಿಮ್ಮರ್ ಇದ್ದೇ ಇರುತ್ತದೆ. ಅದನ್ನು ತಪಾಸಣೆಯವರು ಎತ್ತಿ ಹಿಡಿದು, "ಮೇಡಂ, ಇದೇನು?" ಎಂದರು. ತೋರಿಸೋಣವೆಂದು ನನ್ನ ಸೆರಗಿನ ಎಳೆಯೊಂದನ್ನೇ ಕತ್ತರಿಸಿ ತೋರಿಸಿದೆ. ಅದು ಚೂಪಾಗಿದೆ ಎಂಬುದಕ್ಕೆ ನಾನೇ ಸಾಕ್ಷಿ ಒದಗಿಸಿದಂತಾಯಿತು. ಡಬ್ಬಕ್ಕೆ ಹಾಕಿದರು.

ವಿಮಾನ ಏರಿದ ಮೇಲೆ ನಾನು ಸಹಿ ಹಾಕಿದ್ದ ಹೇಳಿಕೆಯ ಪ್ರತಿ ತೆಗೆದು ಓದಿದೆ. ನನ್ನ ಸಹೋದ್ಯೋಗಿ ರೆಹಾನಾ ಪ್ರತಿ ಇಂಗ್ಲಿಷ್ ಸಾಲಿನ ಕೆಳಗೆ ಕನ್ನಡದಲ್ಲಿ ಅರ್ಥ ಬರೆದುಕೊಟ್ಟಿದ್ದಳು. ಮೂರನೇ ಪುಟದಲ್ಲಿ ಒಂದು ಸಾಲಿತ್ತು: 'ದಪ್ಪ ಮೀಸೆಯ ಪೊಲೀಸನೊಬ್ಬ ನನ್ನನ್ನು ನೆಲಕ್ಕೆ ತಳ್ಳಿದ.'

ಅಲ್ಲಿಂದ ಮುಂದೆ ಓದಲಾಗಲಿಲ್ಲ. ಅವನು ನನ್ನನ್ನು ತಳ್ಳಿರಲಿಲ್ಲ.

ಸುಳ್ಳು ಹೇಳಬೇಕೆಂದು ನಾನು ಹೇಳಿದ್ದಲ್ಲ. ಊರಿಗೆ ಬಂದ ಮೊದಲ ದಿನ ರೆಹಾನಾಗೆ "ಬಿದ್ದುಬಿಟ್ಟೆ ಕಣೇ" ಎಂದೇ ಹೇಳಿದ್ದೆ. ಆ ವಾರ ಫ್ಯಾಕ್ಟರಿ ಗೇಟಿನ ಮುಂದೆ ನಡೆದ ಸಭೆಯಲ್ಲಿ ಯಾರೋ ಹುಡುಗಿ, "ತಳ್ಳಿಬಿಟ್ರಾ ಅಕ್ಕಾ?" ಎಂದು ಕೂಗಿ ಕೇಳಿದಳು. ನಾನು "ಹೂಂ" ಅಂದೆ. ನೂರಾರು ಹೆಂಗಸರು "ಥೂ" ಎಂದರು. ಆ 'ಥೂ'ವಿನಲ್ಲಿ ಎಷ್ಟು ಪ್ರೀತಿಯಿತ್ತೆಂದರೆ, ಮುಂದಿನ ಸಲ ಹೇಳುವಾಗ ಯಾರೂ ಕೇಳದಿದ್ದರೂ ನಾನೇ ಸೇರಿಸಿದೆ. ರೇಚಲ್ ಫೋನ್ ಮಾಡುವ ಹೊತ್ತಿಗೆ ಅದು ನನ್ನ ನೆನಪೇ ಆಗಿಹೋಗಿತ್ತು. ಇಂಗ್ಲಿಷಿನಲ್ಲಿ, ಬೇರೆಯವರ ಮಾತಿನಂತೆ ಕಂಡಾಗ ಮಾತ್ರ ಅದು ನಡೆದಿಲ್ಲವೆಂದು ಗೊತ್ತಾಯಿತು.

ಇಳಿದಾಗ ಪಾಸ್‌ಪೋರ್ಟ್ ನೋಡುವ ಅಧಿಕಾರಿ, ಯಾಕೆ ಬಂದಿರಿ ಎಂದು ಕೇಳಿದ. ನನ್ನ ಹರುಕು ಇಂಗ್ಲಿಷಿನಲ್ಲಿ, "ಪೊಲೀಸ್ ಕೇಸ್ ಸಾರ್" ಎಂದೆ. ಅವನ ಮುಖ ಬಿಗಿಯಾಯಿತು. "ನಿಮ್ಮ ಮೇಲಾ?" ಎಂದ. "ಅಲ್ಲ ಸಾರ್, ಪೊಲೀಸರ ಮೇಲೆ. ನಾನೇ ಹಾಕಿದ್ದು" ಎಂದೆ. ರೇಚಲ್ ಕೊಟ್ಟಿದ್ದ ಪತ್ರವನ್ನು ಎರಡು ಸಲ ಓದಿ ಮುದ್ರೆ ಒತ್ತಿ, "ಒಳ್ಳೆಯದಾಗಲಿ" ಎಂದ. ನಮ್ಮಲ್ಲಿ ಪೊಲೀಸರ ಮೇಲೆ ಕೇಸು ಹಾಕಲು ಬಂದವಳಿಗೆ ಸರ್ಕಾರಿ ಕೌಂಟರಿನಲ್ಲಿ ಯಾರಾದರೂ ಹಾಗೆ ಹೇಳಿಯಾರೇ ಎಂದು ಹೊರಗೆ ಬರುವವರೆಗೂ ಯೋಚಿಸಿದೆ.

ಮಾರ್ಥಾಳ ಅಡುಗೆಮನೆ

ಒಗೆದ ಬಟ್ಟೆಯ ಗಾಡಿಯ ಆ ಮುದುಕಿಯ ಹೆಸರು ಮಾರ್ಥಾ. ಎಪ್ಪತ್ತು ದಾಟಿದವಳು, ಒಬ್ಬಳೇ ಇರುವವಳು, ನಾಲ್ವರು ಪ್ರತಿನಿಧಿಗಳಲ್ಲಿ ಅವಳೂ ಒಬ್ಬಳು. ಹೋಟೆಲ್ ಬೇಡ, ನನ್ನ ಮನೆಗೇ ಬರಲಿ ಎಂದು ಅವಳೇ ಹಟ ಹಿಡಿದಿದ್ದಳು. ಬಸ್ ಶೆಡ್ಡಿನಲ್ಲಿ ಒಂಬತ್ತು ಗಂಟೆ ಬೆನ್ನಿಗೆ ಬೆನ್ನು ಆನಿಸಿ ಕೂತವರು ನಾವು. ನನ್ನ ಹೆಸರು ಅವಳ ಬಾಯಲ್ಲಿ ನಿಲ್ಲುವುದಿಲ್ಲ, ಸೋಡಾ ಎಂದು ಕರೆಯುತ್ತಾಳೆ. ನನ್ನ ಹರುಕು ಇಂಗ್ಲಿಷ್, ಅವಳ ನಿಧಾನದ ಮಾತು, ನಮ್ಮಿಬ್ಬರಿಗೆ ಸಾಕು.

ಸಂಜೆ ಐದಕ್ಕೇ ರಾತ್ರಿಯ ಊಟ. ಐದೂಕಾಲಿಗೆ ತಟ್ಟೆ ತೊಳೆದಿಟ್ಟಾಗಿರುತ್ತದೆ. ಕಿಟಕಿಯ ಗಿಡಗಳಿಗೆ ಒಂದೊಂದಕ್ಕೂ ಹೆಸರಿಟ್ಟು ಬೈಯುತ್ತಾಳೆ. ಏನು ಮಾಡುವುದಿದ್ದರೂ ಮೊದಲು ಕೇಳುತ್ತಾಳೆ: "ಸೋಡಾ, ನಿನ್ನನ್ನು ಅಪ್ಪಿಕೊಳ್ಳಬಹುದಾ?" ನಮ್ಮ ಪೀಣ್ಯದಲ್ಲಿ ಬಸ್ಸಿನ ಸೀಟಿಗೆ ಜಾಗ ಮಾಡಿಕೊಳ್ಳುವವರು ನಮ್ಮ ಮಡಿಲ ಮೇಲೇ ಕೂತು ಆಮೇಲೆ "ಒಸಿ ಸರೀರಿ" ಅನ್ನುತ್ತಾರೆ. ಕೇಳಿಸಿಕೊಂಡು ಅಪ್ಪಿಸಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ನಾನು ಉಪ್ಪಿಟ್ಟು ಮಾಡಿಕೊಟ್ಟೆ. ಸಾಸಿವೆಯನ್ನು ಒಂದೊಂದಾಗಿ ಆರಿಸಿ ತಟ್ಟೆಯ ಅಂಚಿಗೆ ಇಟ್ಟು, ಉಳಿದದ್ದನ್ನೆಲ್ಲ ತಿಂದು, ಇನ್ನೊಂದಿಷ್ಟು ಹಾಕು ಎಂದಳು.

ಊಟ ಮಾಡುತ್ತಾ ಅವಳು ತನ್ನ ಹೇಳಿಕೆ ಹಿಂದಿನ ವಾರವೇ ಮುಗಿದ ಸುದ್ದಿ ಹೇಳಿದಳು. "ಸೋಡಾನ ಪೊಲೀಸ್ ತಳ್ಳಿದ್ದು ನೋಡಿದ್ರಾ ಅಂತ ಕೇಳಿದರು. ನನ್ನ ಬೆನ್ನು ಆ ಕಡೆಗಿತ್ತು, ನೋಡಲಿಲ್ಲ ಅಂದೆ. ನೀನು ಬಂದು ನನ್ನ ಮೇಲೆ ಬಿದ್ದದ್ದು ಮಾತ್ರ ಗೊತ್ತು." ಆಮೇಲೆ ಫೋರ್ಕ್ ಕೆಳಗಿಟ್ಟು, "ಅವನು ತಳ್ಳಿದನಾ?" ಎಂದು ಕೇಳಿದಳು.

ನಾನು ನೀರು ತರುವ ನೆಪ ಮಾಡಿ ಎದ್ದೆ. ಲೋಟ ತುಂಬಿ ಬಂದಾಗ ಅವಳು ಬೇರೆ ಮಾತಿಗೆ ಹೊರಳಿದ್ದಳು.

ರೇಚಲ್‌ಳ ಆಫೀಸು

ಮರುದಿನ ತಯಾರಿ, ಫೋನಿನಲ್ಲಿ ಒಬ್ಬ ದುಭಾಷಿಯನ್ನು ಇಟ್ಟುಕೊಂಡು. ರೇಚಲ್ ಕುಳ್ಳಗೆ, ಚುರುಕಾಗಿ, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ಓಡಾಡುವವಳು. ನನಗೆ ಮೂರು ನಿಯಮ ಹೇಳಿದಳು. ಪ್ರಶ್ನೆ ಪೂರ್ತಿ ಕೇಳು. ಗೊತ್ತಿರುವುದನ್ನಷ್ಟೇ ಹೇಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು.

ಆ ದೇಶದಲ್ಲಿ ಅರೆಸ್ಟ್ ಆದವರಿಗೆ ಸುಮ್ಮನಿರುವ ಹಕ್ಕಿದೆಯಂತಲ್ಲ, ಅದು ಇಲ್ಲಿ ನಡೆಯುತ್ತದಾ ಎಂದು ಕೇಳಿದೆ. ರೇಚಲ್ ನಕ್ಕಳು. "ಅದು ಅವರು ನಿಮ್ಮನ್ನು ಹಿಡಿದಾಗ ಇದ್ದ ಹಕ್ಕು. ಈಗ ನ್ಯಾಯ ಕೇಳ್ತಿರೋದು ನೀವು. ಕೇಳೋರು ಮಾತಾಡಲೇಬೇಕು" ಎಂದಳು.

ನಮ್ಮ ಹಕ್ಕುಗಳನ್ನು ನಾನು ಅವಳಿಗೆ ಹೇಳಿದೆ. ಹಿಡಿದ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಕೊಡಬೇಕು, ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಹಿಡಿಯುವಂತಿಲ್ಲ. ಕೊನೆಯದನ್ನು ಕೇಳಿ ಅವಳಿಗೆ ಬಹಳ ಖುಷಿಯಾಯಿತು, ಬರೆದುಕೊಂಡಳು. ಅದಕ್ಕೂ ಮ್ಯಾಜಿಸ್ಟ್ರೇಟರ ಅನುಮತಿಯ ವಿನಾಯಿತಿ ಇದೆ ಎಂದೆ. "ವಿನಾಯಿತಿ ಎಲ್ಲ ಕಡೆಯೂ ಇರತ್ತೆ ಬಿಡಿ" ಎಂದಳು.

ಕೂಸಿನಮನೆ ಮುಚ್ಚಿದ್ದಕ್ಕೆ ನಾವು ಪೀಣ್ಯದಲ್ಲಿ ರಸ್ತೆಗೆ ಕೂತಾಗ ನಮ್ಮನ್ನೂ ಎತ್ತಿಕೊಂಡು ಹೋಗಿದ್ದರು. ಒಂದು ಕಲ್ಯಾಣ ಮಂಟಪದಲ್ಲಿ ಕೂರಿಸಿ ಪುಳಿಯೋಗರೆ ಕೊಟ್ಟರು. ಒಬ್ಬ ಮಹಿಳಾ ಪೇದೆ ನಮ್ಮ ಹುಡುಗಿಗೆ ತನ್ನ ತಲೆಯ ಪಿನ್ ತೆಗೆದುಕೊಟ್ಟಳು. ಸಂಜೆಯೊಳಗೆ ಮನೆಯಲ್ಲಿದ್ದೆವು. ಇದನ್ನು ಕೇಳಿದಾಗ ರೇಚಲ್‌ಗೆ ನಮ್ಮ ದೇಶವೇ ಸ್ವರ್ಗ ಅನ್ನಿಸಿತು. ಆಗ ನಮ್ಮ ಮೇಲೆ ಹಾಕಿದ ಕೇಸು ಇನ್ನೂ ನಡೀತಿದೆ, ಪ್ರತಿ ವಾಯಿದೆಗೂ ಕೋರ್ಟಿನ ಕಾರಿಡಾರಿನಲ್ಲಿ ನಿಂತು ಹೆಸರು ಕೂಗಿಸಿಕೊಂಡು ವಾಪಸ್ ಬರ್ತೀವಿ, ಅವತ್ತು ಏನಾಯ್ತು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ ಎಂದೆ. ಅವಳು ಅದನ್ನೂ ಬರೆದುಕೊಂಡಳು.

ಕೊನೆಗೆ ನನ್ನ ಹೇಳಿಕೆಯ ಮೂರನೇ ಪುಟ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟು, "ಇದು ನಮ್ಮ ಗಟ್ಟಿ ಸಾಲು" ಎಂದಳು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳ ಮುಖದಲ್ಲಿ ಅಷ್ಟು ನಂಬಿಕೆಯಿತ್ತು. ಬಾಯಿ ಮುಚ್ಚಿಕೊಂಡೆ.

ಹನ್ನೊಂದನೇ ಮಹಡಿ

ಮಾರನೇ ದಿನ ಕೋಣೆಗೆ ಹೋದೊಡನೆ ನ್ಯಾಯಾಧೀಶರ ಕುರ್ಚಿ ಹುಡುಕಿದೆ. ಇರಲಿಲ್ಲ. ವಿಚಾರಣೆಗೆ ಮೊದಲು ನಡೆಯುವ ಈ ಹೇಳಿಕೆಗೆ ನ್ಯಾಯಾಧೀಶರು ಬರುವುದಿಲ್ಲವಂತೆ. ಉದ್ದನೆಯ ಮೇಜು, ನೀರಿನ ಜಗ್ಗು, ನನ್ನ ಮುಂದೆಯೇ ಒಂದು ಟಿಶ್ಯೂ ಪೆಟ್ಟಿಗೆ. ಅಳುತ್ತೀಯ ಎಂದು ಮೊದಲೇ ತೀರ್ಮಾನಿಸಿದ್ದಾರೆ ಅನ್ನಿಸಿತು. ಎದುರು ನಗರದ ವಕೀಲ, ಡಗ್ಲಸ್. ಉದ್ದನೆಯ ಮನುಷ್ಯ, ತಗ್ಗಿದ ದನಿ. ಮೂಲೆಯಲ್ಲಿ ಪುಟ್ಟ ಯಂತ್ರದ ಮೇಲೆ ಪ್ರತಿ ಮಾತನ್ನೂ ಬೆರಳಚ್ಚಿಸುವ ಲಿಂಡಾ. ನನ್ನ ಪಕ್ಕ ದುಭಾಷಿ ಸುಮಿತ್ರಾ, ಭದ್ರಾವತಿ ಬಿಟ್ಟು ಮೂವತ್ತೈದು ವರ್ಷವಾದವರು.

ಸತ್ಯವನ್ನೇ ಹೇಳುತ್ತೇನೆಂದು ಬಲಗೈ ಎತ್ತಿ ಪ್ರಮಾಣ ಮಾಡಿದೆ.

ಮೊದಲ ಗಂಟೆ ನನ್ನ ತಲೆಯದೇ ತೊಂದರೆ. ಹೌದು ಎನ್ನಲು ನಾವು ತಲೆ ಅಲ್ಲಾಡಿಸುವ ರೀತಿ ಲಿಂಡಾಗೆ ಅರ್ಥವಾಗಲಿಲ್ಲ. ಪ್ರತಿ ಸಲವೂ ಬೆರಳು ನಿಲ್ಲಿಸಿ, "ಅದು ಹೌದಾ, ಅಲ್ಲವಾ?" ಎನ್ನುತ್ತಿದ್ದಳು. ಬಾಗಲಗುಂಟೆ ಎಂದು ಬರೆಯಲು ಮೂರು ಸಲ ಹೇಳಿಸಿಕೊಂಡಳು. ಸುಮಿತ್ರಾ ಅವರ ಕನ್ನಡವೋ, ಹೊರಟಾಗ ಹೇಗಿತ್ತೋ ಹಾಗೇ ಇಸ್ತ್ರಿ ಮಾಡಿಟ್ಟಂತೆ ಇತ್ತು. "ಆ ಸಮಯದಲ್ಲಿ ತಾವು ಎಲ್ಲಿ ಉಪಸ್ಥಿತರಿದ್ದಿರಿ?" ಎಂದು ಕೇಳಿದರು. ಜೀವನದಲ್ಲಿ ಯಾರೂ ನನ್ನನ್ನು ತಾವು ಎಂದಿರಲಿಲ್ಲ. "ಅಲ್ಲೇ ಇದ್ದೆ ಮೇಡಂ" ಎಂದೆ.

ಮಧ್ಯಾಹ್ನದ ಮುಂಚೆ ಡಗ್ಲಸ್ ಮೂರನೇ ಪುಟಕ್ಕೆ ಬಂದ. "ಆ ಅಧಿಕಾರಿ ನಿಮ್ಮನ್ನು ಯಾವ ಕೈಯಿಂದ ತಳ್ಳಿದರು?"

ಸುಮಿತ್ರಾ ಅದನ್ನು ಕನ್ನಡದಲ್ಲಿ ಹೇಳಿ ನನ್ನ ಕಡೆ ತಿರುಗಿದರು. ಎಡವೋ ಬಲವೋ, ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ರೇಚಲ್ ಕಡೆ ನೋಡಿದೆ. ಅವಳು ಶಾಂತಳಾಗಿದ್ದಳು. ದಪ್ಪ ಮೀಸೆಯ ಆ ಮನುಷ್ಯ ನೆನಪಾದ. ಕತ್ತಿಗೆ ದಾರ ಕಟ್ಟಿ ಕನ್ನಡಕ ತೂಗುಬಿಟ್ಟುಕೊಂಡಿದ್ದ, ನನ್ನದೇ ವಯಸ್ಸಿನವನು. ಅವನಿಗೂ ಎಲ್ಲೋ ಮನೆಯಿರಬೇಕು, ಈ ಕಾಗದದಲ್ಲಿ ತನ್ನ ಬಗ್ಗೆ ಬರೆದದ್ದನ್ನು ಅವನೂ ಓದಿರಬೇಕು.

"ತಳ್ಳಲಿಲ್ಲ" ಎಂದೆ.

ಸುಮಿತ್ರಾ ಇಂಗ್ಲಿಷಿಗೆ ಹೇಳಿದರು. ರೇಚಲ್‌ಳ ಪೆನ್ನು ನಿಂತಿತು. ಲಿಂಡಾಳ ಬೆರಳುಗಳು ಮಾತ್ರ ನಿಲ್ಲಲಿಲ್ಲ.

"ಹಾಗಾದರೆ ನಿಮ್ಮ ಹೇಳಿಕೆ ಸುಳ್ಳು?"

"ಆ ಒಂದು ಸಾಲು ಸುಳ್ಳು ಸಾರ್. ಮಾರ್ಥಾ ಕಾಲು ಹಿಡ್ಕೊಂಡು ಕೂತುಬಿಟ್ಟಿದ್ರು, ಎಬ್ಬಿಸೋಕೆ ಹೋಗಿ ನಾನೇ ಸೀರೆ ತುಳಿದು ಬಿದ್ದೆ. ಊರಲ್ಲಿ ಹೇಳ್ತಾ ಹೇಳ್ತಾ ಸೇರ್ಕೊಂಡ್ಬಿಡ್ತು. ತಪ್ಪು ನಂದು, ಇವರದಲ್ಲ" ಎಂದು ರೇಚಲ್ ಕಡೆ ಕೈ ತೋರಿಸಿದೆ.

ಡಗ್ಲಸ್ ಕುರ್ಚಿ ಮುಂದಕ್ಕೆಳೆದುಕೊಂಡ. "ಚದುರಿ ಹೋಗಿ ಎಂಬ ಆಜ್ಞೆ ಕೇಳಿಸಲಿಲ್ಲ ಅಂತಲೂ ಬರೆದಿದ್ದೀರಿ. ಅದೂ ಹೀಗೇ ಸೇರಿಕೊಂಡಿದ್ದಾ?"

"ಇಲ್ಲ ಸಾರ್. ಮೈಕಿನಲ್ಲಿ ಏನೋ ಗರಗರ ಅಂತು, ಒಂದಕ್ಷರ ಅರ್ಥ ಆಗಲಿಲ್ಲ. ಮಾರ್ಥಾಗೂ ಆಗಲಿಲ್ಲ, ಅವರದು ಅದೇ ಭಾಷೆ. ಅದಕ್ಕೇ ಆ ಮೀಸೆಯವರ ಹತ್ರ ಹೋಗಿ, ಹೋಗೋ ದಾರಿ ಯಾವುದು ಸಾರ್ ಅಂತ ಕೇಳಿದೆ. ಅವರು ಬಲಗಡೆಯ ಗಲ್ಲಿ ತೋರಿಸಿದರು. ಮಾರ್ಥಾನ ಎಬ್ಬಿಸಿಕೊಂಡು ಅದೇ ಗಲ್ಲಿಗೆ ಹೋದ್ವಿ. ಆ ಕಡೆ ಇನ್ನೊಂದು ಸಾಲು ಪೊಲೀಸರು ನಿಂತಿದ್ರು. ಅವರು ಹಿಡಿದ್ರು."

"ಬೇಕೆಂದೇ ಆ ಕಡೆ ಕಳಿಸಿದರು ಅಂತೀರಾ?"

"ಗೊತ್ತಿಲ್ಲ. ಆದ್ರೆ ನಮ್ಮನ್ನ ಹಿಡಿದಾಗ ನಾನು ತಿರುಗಿ ನೋಡಿದೆ. ಅವರು ಕೈ ಎತ್ತಿ ಏನೋ ಕೂಗ್ತಾ ನಮ್ಮ ಕಡೆ ಓಡಿ ಬರ್ತಿದ್ರು. ಆ ಗಲ್ಲಿ ಮುಚ್ಚಿದೆ ಅಂತ ಅವರಿಗೇ ಗೊತ್ತಿರಲಿಲ್ಲ ಅನ್ಸುತ್ತೆ."

ಡಗ್ಲಸ್ ಕಾಗದ ತಿರುವಿದ, ಮತ್ತೆ ತಿರುವಿದ. ಹತ್ತು ನಿಮಿಷ ವಿರಾಮ ಎಂದ.

ಸುಮಿತ್ರಾ ಅವರನ್ನೂ ಕರೆದುಕೊಂಡು ಕಾರಿಡಾರಿಗೆ ಬಂದ ರೇಚಲ್‌ಳ ಮುಖ ಕೆಂಪಾಗಿತ್ತು. "ಎರಡು ದಿನದಿಂದ ನನ್ನ ಜೊತೆ ಇದ್ದೀರಿ. ಒಂದು ಮಾತು ಮೊದಲೇ ಹೇಳಬಾರದಿತ್ತಾ?" ಎಂದಳು.

"ಹೇಳಬೇಕಿತ್ತು. ನಾಚಿಕೆ ಆಯ್ತು."

"ನಿಮ್ಮನ್ನು ಪ್ರತಿನಿಧಿಯಾಗಿ ಇಟ್ಟುಕೊಳ್ಳಬಾರದು ಅಂತ ನಗರದವರು ಕೇಳ್ತಾರೆ. ನ್ಯಾಯಾಧೀಶರು ಒಪ್ಪಲೂಬಹುದು. ಉಳಿದವರ ಕೇಸಿಗೂ ಪೆಟ್ಟು ಬೀಳಬಹುದು."

ನನಗೆ ಆ ಬಸ್ ಶೆಡ್ಡಿನ ಅಷ್ಟೂ ಮುಖಗಳು ಕಣ್ಣ ಮುಂದೆ ಬಂದವು. ಟಿಶ್ಯೂ ಪೆಟ್ಟಿಗೆ ಒಳಗಿತ್ತು, ಸೆರಗಿನಿಂದಲೇ ಕಣ್ಣೊರೆಸಿಕೊಂಡೆ. ರೇಚಲ್ ತನ್ನ ಕಾಗದಗಳನ್ನು ಜೋಡಿಸಿಕೊಂಡಳು. ಆಮೇಲೆ, "ಒಳಗೆ ಹೋಗೋಣ. ಇನ್ನೂ ಮೂರು ಗಂಟೆ ಇದೆ. ಇದೇ ರೀತಿ ಹೇಳಿ" ಎಂದಳು.

ಹೇಳಿದೆ. ಒಂದು ಮಾತು ಇಲ್ಲಿ ಬರೆಯಲೇಬೇಕು. ಎದುರು ಪಕ್ಷದ ಒಬ್ಬ ವಕೀಲ ಇಡೀ ದಿನ ಕೂತು ನನ್ನ ಮಾತು ಕೇಳಿದ. ನನ್ನನ್ನು ಸೋಲಿಸಲೆಂದೇ ಕೇಳಿದ, ನಿಜ. ಆದರೂ ಪ್ಲಾಸ್ಟಿಕ್ ಪಟ್ಟಿ ಮಣಿಕಟ್ಟಿಗೆ ಎಲ್ಲಿ ಒತ್ತಿತು, ಶೌಚಕ್ಕೆ ಎಷ್ಟು ಸಲ ಕೇಳಿಕೊಂಡೆ, ಎಲ್ಲವನ್ನೂ ಕೇಳಿದ. ಎಲ್ಲವನ್ನೂ ಲಿಂಡಾ ಬರೆದಳು.

ಮನೆಗೆ ಬಂದು ಮಾರ್ಥಾಗೆ ನಡೆದದ್ದು ಹೇಳಿದೆ. ಅವಳು ಈ ಸಲ ಕೇಳದೆಯೇ ಅಪ್ಪಿಕೊಂಡಳು.

ಬಾಗಲಗುಂಟೆ

ವಾಪಸ್ ಬಂದವಳು ಮೊದಲ ಭಾನುವಾರವೇ ಸಂಘದ ಸಭೆಯಲ್ಲಿ ಎದ್ದು ನಿಂತು, ನನ್ನನ್ನು ಯಾರೂ ತಳ್ಳಿರಲಿಲ್ಲ ಎಂದು ಹೇಳಿದೆ. ಹಿಂದಿನ ಸಾಲಿನಿಂದ ಯಾರೋ, "ಅಯ್ಯೋ, ಅಷ್ಟೊಂದು ಬೈದ್ವಲ್ಲ ಅಕ್ಕಾ ಅವನಿಗೆ!" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೇಸು ಕೆಟ್ಟಿತೇನೋ ಎಂಬ ಭಯ ಮಾತ್ರ ಹೋಗಲಿಲ್ಲ.

ಏಳೆಂಟು ತಿಂಗಳು ಸುದ್ದಿಯಿರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ರೇಚಲ್ ವಿಡಿಯೋದಲ್ಲಿ ಬಂದಳು. ನನ್ನನ್ನು ಪ್ರತಿನಿಧಿಯಾಗಿ ಉಳಿಸಿಕೊಂಡಿದ್ದರು. ನಗರ ರಾಜಿಗೆ ಒಪ್ಪಿತ್ತು. ಜನರನ್ನು ಹಿಡಿಯುವ ಮುನ್ನ ಅರ್ಥವಾಗುವಂತೆ ಎಚ್ಚರಿಕೆ ಕೊಡಬೇಕು, ಹೊರಗೆ ಹೋಗಲು ಒಂದು ದಾರಿ ತೆರೆದಿಡಬೇಕು, ಅವತ್ತಿನ ಅರೆಸ್ಟುಗಳೆಲ್ಲ ದಾಖಲೆಯಿಂದ ಅಳಿಸಿ ಹೋಗಬೇಕು. ಹೇಗೆ ಒಪ್ಪಿದರು ಎಂದು ಕೇಳಿದೆ.

"ಆ ಮೀಸೆಯವರಿಂದ" ಎಂದಳು. ನನ್ನ ಹೇಳಿಕೆ ಓದಿದ ಮೇಲೆ ಅವನು ತನ್ನ ಸರದಿ ಬಂದಾಗ, ಗಲ್ಲಿ ಮುಚ್ಚಿದ್ದನ್ನು ಮೇಲಿನವರು ತನಗೆ ತಿಳಿಸಿರಲೇ ಇಲ್ಲವೆಂದು ಪ್ರಮಾಣ ಮಾಡಿ ಹೇಳಿದ್ದ. ಅವನ ಹೇಳಿಕೆಯ ಕೆಲವು ಪುಟಗಳನ್ನು ರೇಚಲ್ ಕಳಿಸಿಕೊಟ್ಟಳು.

ಸಂಘದ ಆಫೀಸಿನಲ್ಲಿ ಟೀ ಹೊತ್ತಿಗೆ ರೆಹಾನಾ ಅದನ್ನು ಓದಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಹೊಲಿಗೆ ಮುಗಿಸಿ ಬಂದಿದ್ದ ಏಳೆಂಟು ಹೆಂಗಸರು ಸುತ್ತ ಕೂತಿದ್ದರು. ಒಂದು ಕಡೆ ರೇಚಲ್ ಅವನನ್ನು ಕೇಳಿದ್ದಳು: ಅವತ್ತು ಅಷ್ಟು ಜನರಿದ್ದರು, ಈ ಹೆಂಗಸು ನಿಮಗೆ ಹೇಗೆ ನೆನಪಿದ್ದಾಳೆ?

ರೆಹಾನಾ ಅಲ್ಲಿ ತಡೆದಳು. "ಇಲ್ಕೇಳು ಯಶೋದಕ್ಕ, ಅವ್ನು ಏನಂದಿದಾನೆ."

"ಓದೇ."

"'ಹೋಗಲು ದಾರಿ ಯಾವುದು ಎಂದು ಕೇಳಿದರು. ತೋರಿಸಿದೆ. ಥ್ಯಾಂಕ್ಯೂ ಸಾರ್ ಎಂದರು. ಅವತ್ತು ಇಡೀ ದಿನ ನನಗೆ ಹಾಗೆಂದವರು ಅವರೊಬ್ಬರೇ. ನಾನು ತೋರಿಸಿದ ದಾರಿಯಲ್ಲೇ ಹೋದರು.'"

ಥ್ಯಾಂಕ್ಯೂ ಅಂದದ್ದು ನನಗೆ ನೆನಪೇ ಇಲ್ಲ. ಅವನು ಪ್ರಮಾಣ ಮಾಡಿ ಹೇಳಿದ್ದಾನೆ, ಅಂದಿರಬೇಕು.